ಹತ್ತನೇ ತರಗತಿ ಹುಡುಗಿಯರ ಅಪ್ಪ ಅಮ್ಮಂದಿರಿಗೆ

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ಅರ್ಜಿ ತಂದ ಮೇಲೆ ಹೇಳಿದರೆ ತಡವಾಗುತ್ತದೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಪ್ರತಿ ವರ್ಷ ಇದೇ ಕಥೆ. ಗಣಿತ, ವಿಜ್ಞಾನದಲ್ಲಿ ಮುಂದಿದ್ದ ಹುಡುಗಿ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ್ದಕ್ಕೆ, ಹೆಚ್ಚಾಗಿ ಕಾಮರ್ಸ್‌ಗೆ, ಸೇರುತ್ತಾಳೆ, ಅವಳಿಗಿಂತ ಕಡಿಮೆ ಅಂಕ ತೆಗೆದ ಅಣ್ಣ ಪಾಲಿಟೆಕ್ನಿಕ್‌ಗೆ ಹೋಗಿರುತ್ತಾನೆ. ಕಾಮರ್ಸ್ ಏನೂ ಕಡಿಮೆಯಲ್ಲ, ಅವಳೇ ಆರಿಸಿಕೊಂಡಿದ್ದರೆ ನನ್ನ ತಕರಾರಿಲ್ಲ. ಆದರೆ ಕೇಳಿದರೆ ನೀವು ಹೇಳುವುದೇ ಬೇರೆ. "ಸೈನ್ಸ್‌ಗೆ ಟ್ಯೂಷನ್ ಬೇಕು, ಕಾರವಾರದ ತನಕ ಓಡಾಡಬೇಕು, ಕೊನೆಗೆ ಮದುವೆಯಾಗಿ ಹೋಗುವವಳು ಅಲ್ವಾ ಅಕ್ಕೋರೆ?"

ಬಸ್ ಖರ್ಚಿನ ಮಾತು ಬಿಡಿ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವಳು ದುಡ್ಡು ಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಸಂಜೆ ಬಸ್ ತಪ್ಪಿದರೆ ಎನ್ನುವ ಹೆದರಿಕೆ ಮಾತ್ರ ನಿಜ. ಒಂದೇ ಊರಿನ ಮೂರ್ನಾಲ್ಕು ಹುಡುಗಿಯರು ಒಟ್ಟಿಗೆ ಸೇರಿದರೆ ಅದೂ ಅರ್ಧ ಕಡಿಮೆಯಾಗುತ್ತದೆ. ಮುಂದೆ ಎಂಜಿನಿಯರಿಂಗ್ ಓದುತ್ತೇನೆ ಅಂದರೆ ಮಾಜಾಳಿಯಲ್ಲೇ ಸರ್ಕಾರಿ ಕಾಲೇಜಿದೆ.

ತಪ್ಪು ನಿಮ್ಮದೊಂದೇ ಅಲ್ಲ. ಪ್ರೊಜೆಕ್ಟರ್ ಕೆಟ್ಟರೆ ನಾನು ಕರೆಯುತ್ತಿದ್ದುದು ಹುಡುಗರನ್ನು, ರಂಗೋಲಿಗೆ, ಆರತಿಗೆ ಹುಡುಗಿಯರನ್ನು. ಹೋದ ತಿಂಗಳು ಒಬ್ಬಳು "ಅಕ್ಕೋರೆ, ಆ ವೈರ್ ನಾನ್ ನೋಡ್ಲಾ?" ಅಂದಾಗಲೇ ನನಗೆ ನಾಚಿಕೆಯಾದದ್ದು. ಪಿನ್ ಸಡಿಲವಾಗಿತ್ತು, ಅಷ್ಟೆ. ಎರಡು ನಿಮಿಷದ ಕೆಲಸ.

1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದವರು ಅಲ್ಲಿನ ನಿರ್ದೇಶಕ ಸರ್ ಸಿ.ವಿ. ರಾಮನ್. ಆಕೆ ಬಿಡಲಿಲ್ಲ, ಷರತ್ತು ಒಪ್ಪಿಕೊಂಡೇ ಸೇರಿದರು, 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದರು. ಈಗ ಯಾವ ಕಾಲೇಜೂ ಹಾಗೆ ಬಾಗಿಲು ಹಾಕುವುದಿಲ್ಲ. ಬಾಗಿಲು ಹಾಕುವುದು ನಮ್ಮ ಮನೆಯ ಜಗಲಿಯಲ್ಲೇ, ಅದೂ ಪ್ರೀತಿಯಿಂದ.

ಅದರಿಂದೇನು ನಷ್ಟ ಅಂತೀರಾ? 2019ರ ಮಾರ್ಚ್‌ನಲ್ಲಿ ಇಬ್ಬರು ಹೆಂಗಸರು ಬಾಹ್ಯಾಕಾಶ ನಿಲ್ದಾಣದ ಹೊರಗೆ ಒಟ್ಟಿಗೆ ಕೆಲಸ ಮಾಡುವುದಿತ್ತು. ಇಬ್ಬರಿಗೂ ಬೇಕಿದ್ದ ಮಧ್ಯಮ ಅಳತೆಯ ಉಡುಪು ಒಂದೇ ಸಿದ್ಧವಿತ್ತು, ನಾಸಾ ಒಬ್ಬರನ್ನು ಬದಲಿಸಿತು! ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಬಂದ ಮಾತು: "ನಮ್ಮೂರ ಟೈಲರ್ ಅಕ್ಕ ಆಗಿದ್ರೆ ಮೊದಲೇ ಅಳತೆ ತಗೋತಿದ್ಲು." ಎಲ್ಲರೂ ನಕ್ಕರು. ಆದರೆ ಮಾತು ಸರಿಯಾಗೇ ಇತ್ತು: ಇಂಥ ಕೆಲಸಗಳಲ್ಲಿ ಹೆಂಗಸರು ಹೆಚ್ಚು ಇದ್ದರೆ ಹೆಂಗಸರ ಅಳತೆಯೂ ಮೊದಲೇ ನೆನಪಾಗುತ್ತದೆ.

ಬರುವ ಶನಿವಾರ ಹತ್ತೂವರೆಗೆ ಶಾಲೆಗೆ ಬನ್ನಿ. ಅಮ್ಮಂದಿರು ಮಾತ್ರ ಅಲ್ಲ, ಅಪ್ಪಂದಿರೂ. ಮಗಳೂ ಜೊತೆಗಿರಲಿ, ಮೊದಲು ಮಾತಾಡುವುದು ಅವಳೇ. ಬೋಟಿಗೆ ಹೋಗುವವರು ಬೇರೆ ದಿನ ಹೇಳಿ, ಸಂಜೆಯಾದರೂ ಪರವಾಗಿಲ್ಲ, ನಾನಿರುತ್ತೇನೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ