ನಮ್ಮ ಕೆಂಪಿಯನ್ನು ಉಳಿಸಿಕೊಟ್ಟವರಿಗೆ

ಮೊನ್ನೆ ನಮ್ಮ ನಾಯಿ ಕೆಂಪಿಯ ರಕ್ತದ ರಿಪೋರ್ಟ್ ಬಂತು. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 2 ಲಕ್ಷ 30 ಸಾವಿರ. ಡಾಕ್ಟರ್ ಮೇಡಂ ನೋಡಿ, "ಸಾಕ್ರಿ, ಇನ್ನ ಗುಳಿಗಿ ಬ್ಯಾಡ" ಎಂದರು. ಬೇಸಿಗೆಯಲ್ಲಿ ಇದು 18 ಸಾವಿರಕ್ಕೆ ಇಳಿದಿತ್ತು. ಆಗ ನಮಗೋಸ್ಕರ ಓಡಾಡಿದವರಿಗೆ, ಫೋನ್ ಮಾಡಿ ವಿಚಾರಿಸಿದವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಿರಲಿಲ್ಲ. ಅದಕ್ಕೇ ಈ ಬರಹ. ಹೆಸರು ಹಾಕಬೇಡಿ ಎಂದು ಸುಮಾರು ಜನ ಹೇಳಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ನಾಯಿಗಳ ಹೆಸರು ಮಾತ್ರ ಹಾಕುತ್ತೇನೆ. ಅವು ತಕರಾರು ಮಾಡಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೆಂಪಿ ನವನಗರದ ನಮ್ಮ ಓಣಿಯಲ್ಲೇ ಹುಟ್ಟಿದವಳು. ತಳಿ ಗಿಳಿ ಏನೂ ಇಲ್ಲ. ಏಪ್ರಿಲ್‌ನಲ್ಲಿ ಊಟ ಕಡಿಮೆ ಮಾಡಿದಳು, ಮೂಲೆ ಹಿಡಿದು ಮಲಗಿದಳು. ಆಮೇಲೆ ಒಂದು ಬೆಳಿಗ್ಗೆ ಮೂಗಿನಿಂದ ರಕ್ತ. ಹುಬ್ಬಳ್ಳಿ ಬಿಸಿಲು ಗೊತ್ತಲ್ವಾ? ಓಣಿಯವರು ಹೇಳಿದ್ದು ಒಂದೇ ಮಾತು: "ಉಷ್ಣ ಆಗೇತಿ, ಮಜ್ಜಿಗಿ ಹಾಕ್ರಿ." ಎದುರು ಮನೆಯ ಕಾಕಾ ಒಬ್ಬರು ಮಾತ್ರ ಅವಳ ತುಟಿ ಎತ್ತಿ ಒಸಡು ನೋಡಿದರು. ಆಯುಷ್ಯವೆಲ್ಲ ಧಾರವಾಡಿ ಎಮ್ಮೆ ಸಾಕಿದ ಮನುಷ್ಯ ಅವರು. ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿತ್ತು. "ಇದು ಉಷ್ಣ ಅಲ್ಲವ್ವಾ, ಈಗಿಂದೀಗ ದವಾಖಾನಿಗೆ ಒಯ್ಯಿ" ಎಂದರು. ಕಾಕಾ, ಮೊದಲ ನಮಸ್ಕಾರ ನಿಮಗೆ.

ಆಟೋ ಅಣ್ಣನಿಗೂ. ಸೀಟಿನ ಮೇಲೆ ರಕ್ತ ಬೀಳುತ್ತಿದ್ದರೂ ಮುಖ ಸಿಂಡರಿಸದೆ ತನ್ನದೇ ಟವೆಲ್ ಹಾಸಿಕೊಟ್ಟ.

ಪ್ರಾಣಿಗಳ ಆಸ್ಪತ್ರೆಗೆ ಬಂದವರು ಮೊದಲು ಹೇಳುವ ಮಾತು ಸಾಮಾನ್ಯವಾಗಿ "ಒಂದು ಸೂಜಿ ಮಾಡ್ರಿ" ಅಂತಲೇ. ನಮ್ಮ ಮೇಡಂ ಸೂಜಿಗೆ ಅವಸರ ಮಾಡಲಿಲ್ಲ. ಜ್ವರ ನೋಡಿದರು, 104 ಇತ್ತು. ನಾಯಿಯ ಮೈ ಯಾವಾಗಲೂ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ತನಕ ಸಹಜವಂತೆ. ಹೊಟ್ಟೆಯ ಚರ್ಮದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ತೋರಿಸಿದರು. ಬೆರಳುಗಳ ಸಂದಿಯಿಂದ ರಕ್ತ ಹೀರುವ ಉಣ್ಣೆ ಹುಳ ಹೆಕ್ಕಿ ತೆಗೆದರು. ಆಮೇಲೆ ಕುಳಿತು ವಿವರಿಸಿದರು. ನಮ್ಮ ಕಡೆ ಉಣ್ಣೆಯಿಂದ ಬರುವ ಜ್ವರಗಳಲ್ಲಿ ಎರಡು ಜಾಸ್ತಿ. ಒಂದರಲ್ಲಿ ಎರ್ಲಿಕಿಯಾ ಎಂಬ ರೋಗಾಣು ಬಿಳಿ ರಕ್ತಕಣದೊಳಗೆ ಕೂರುತ್ತದೆ. ಇನ್ನೊಂದರಲ್ಲಿ ಬೆಬೀಸಿಯಾ ಎಂಬುದು ಕೆಂಪು ರಕ್ತಕಣದೊಳಗೆ. ಎರಡರಲ್ಲೂ ಜ್ವರ, ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ನಾಯಿ ಬಿಳಿಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಔಷಧಿ ಮಾತ್ರ ಬೇರೆ ಬೇರೆ. "ಅಂದಾಜಿನ ಮ್ಯಾಲೆ ಹೊಂಟ್ರ ಟೈಮ್ ಹೋಗ್ತದ್ರಿ, ಈಕಿಗೆ ಟೈಮ್ ಇಲ್ಲ" ಎಂದರು.

ನಾನು ಈ ಬರಹ ಬರೆಯಲು ನಿಜವಾದ ಕಾರಣ ಲ್ಯಾಬಿನ ಅಣ್ಣ. ಡಾಕ್ಟರಿಗೆ ಎಲ್ಲರೂ ಪೇಢೆ ಕೊಟ್ಟು ಬರುತ್ತಾರೆ. ಒಳಗೆ ಕುಳಿತು ಸ್ಲೈಡ್ ನೋಡುವವರ ಮುಖ ಎಷ್ಟು ಜನ ನೋಡಿರುತ್ತಾರೆ? ಅವರು ಕಾಲಿನ ನರದಿಂದ ರಕ್ತ ತೆಗೆದದ್ದಲ್ಲದೆ ಕಿವಿಯ ತುದಿಯಿಂದಲೂ ಒಂದು ಹನಿ ತೆಗೆದರು. ಸಣ್ಣ ರಕ್ತನಾಳದ ರಕ್ತದಲ್ಲಿ ರೋಗಾಣು ಸಿಗುವ ಸಾಧ್ಯತೆ ಹೆಚ್ಚಂತೆ. ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪ್ ಮುಂದೆ ಕುಳಿತರು. ಊಟದ ಹೊತ್ತು ಮೀರಿತು. ಹೊರಗೆ ಒಂದು ಪರ್ಷಿಯನ್ ಬೆಕ್ಕು, ಒಂದು ಪಗ್, ಎರಡು ಆಡು ಕಾಯುತ್ತಿದ್ದವು. ಕೊನೆಗೆ ನನ್ನನ್ನೇ ಒಳಗೆ ಕರೆದರು. "ಬರ್ರಿ ಅಕ್ಕಾರ, ನೀವೂ ನೋಡ್ರಿ." ನೀಲಿ ಬಣ್ಣದ ಒಂದು ದೊಡ್ಡ ಕಣ, ಅದರೊಳಗೆ ಒತ್ತೊತ್ತಾಗಿ ಚುಕ್ಕೆಗಳ ಗೊಂಚಲು. ಎರ್ಲಿಕಿಯಾ! ಇದು ಯಾವಾಗಲೂ ಹೀಗೆ ಕಣ್ಣಿಗೆ ಸಿಗಲ್ಲ, ಸ್ಲೈಡಿನಲ್ಲಿ ಕಾಣದಿದ್ದರೆ ರೋಗ ಇಲ್ಲ ಎನ್ನಲು ಬರಲ್ಲ ಎಂದೂ ಹೇಳಿದರು. ಅದಕ್ಕೇ ಕಿಟ್ ಟೆಸ್ಟನ್ನೂ ಮಾಡಿದರು, ಅದೂ ಪಾಸಿಟಿವ್ ಬಂತು.

ಲಿವರ್, ಕಿಡ್ನಿ ಟೆಸ್ಟ್ ಆಯಿತು. ಸ್ಕ್ಯಾನಿಂಗ್‌ನಲ್ಲಿ ಸ್ಪ್ಲೀನ್, ಅಂದರೆ ಗುಲ್ಮ, ಊದಿಕೊಂಡದ್ದು ಕಂಡಿತು. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಯಾವ ಟೆಸ್ಟ್ ಇವತ್ತೇ ಬೇಕು, ಯಾವುದು ನಾಲ್ಕು ದಿನ ಬಿಟ್ಟು ಮಾಡಿಸಿದರೂ ನಡೆಯುತ್ತದೆ, ಯಾವುದಕ್ಕೆ ಎಷ್ಟು ರೊಕ್ಕ ಎಂದು ಮೇಡಂ ಮೊದಲೇ ಚೀಟಿಯಲ್ಲಿ ಬರೆದುಕೊಟ್ಟರು. ತಿಂಗಳ ಸಂಬಳದ ಮೇಲೆ ಬದುಕುವ ಮನೆಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಅನುಭವಿಸಿದವರಿಗೇ ಗೊತ್ತು.

"ಬೀದಿ ನಾಯಿಗೆ ಇಷ್ಟು ಖರ್ಚಾ?" ಎಂದು ಕೇಳಿದವರೂ ಇದ್ದಾರೆ. ಅವರಿಗೆ ಥ್ಯಾಂಕ್ಸ್ ಇಲ್ಲ. "ಬೀದಿ ನಾಯಿ ಗಟ್ಟಿ, ಅವಕ್ಕ ಏನೂ ಆಗಂಗಿಲ್ಲ" ಎಂದವರಿಗೂ ಇಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಎಷ್ಟೋ ನಾಯಿಗಳನ್ನು ಕೊಂದದ್ದು ಇದೇ ರೋಗ. ಉಣ್ಣೆ ತಳಿ ನೋಡಿ ಕಚ್ಚಲ್ಲ.

ರಕ್ತದಲ್ಲಿ ಕೆಂಪು ಕಣಗಳ ಪಾಲಿಗೆ ಪಿಸಿವಿ ಎನ್ನುತ್ತಾರೆ. ನಾಯಿಗೆ ಅದು ಸುಮಾರು ಶೇಕಡಾ 37ರಿಂದ 55 ಇರಬೇಕು. ಕೆಂಪಿಯದು 14. ಗುಳಿಗೆ ಕೆಲಸ ಮಾಡುವ ತನಕ ಅವಳು ಉಳಿಯಬೇಕಿದ್ದರೆ ರಕ್ತ ಹಾಕಲೇಬೇಕು ಎಂದರು ಮೇಡಂ. ನಾಯಿಗೆ ರಕ್ತ ಎಲ್ಲಿಂದ ತರುವುದು? ಗದಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ, ನನ್ನ ತಂಗಿಯ ಗೆಳತಿ ತನಗೆ ಗೊತ್ತಿದ್ದವರಿಗೆಲ್ಲ ಮೆಸೇಜ್ ಹಾಕಿದಳು. ರಾತ್ರಿ ಹತ್ತರ ಸುಮಾರಿಗೆ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು. "ನಮ್ಮ ರಾಜಾ ಅದಾನ್ರಿ, ಮುಧೋಳ ನಾಯಿ. ಮುಂಜಾನೆ ಕರ್ಕೊಂಡು ಬರ್ಲೇನು?"

ಅಪ್ಪ, ಮಗ, ರಾಜಾ, ಮೂವರೂ ಟಾಟಾ ಏಸ್‌ನಲ್ಲಿ ಬಂದಿಳಿದರು. ರಾಜಾನಿಗೆ ನಾಲ್ಕು ವರ್ಷ, ತೂಕ 27 ಕೆಜಿ, ಲಸಿಕೆಗಳೆಲ್ಲ ಆಗಿದ್ದವು. ಆದರೂ ಅವನ ರಕ್ತವನ್ನೂ ಟೆಸ್ಟ್ ಮಾಡಿದರು. ದಾನ ಕೊಡುವ ನಾಯಿಗೇ ಉಣ್ಣೆ ಜ್ವರ ಇದ್ದರೆ ಕಥೆ ಮುಗಿಯಿತಲ್ಲ. ನಾಯಿಗಳಲ್ಲೂ ರಕ್ತದ ಗುಂಪುಗಳಿವೆ ಎಂದು ನನಗೆ ತಿಳಿದದ್ದು ಆವತ್ತೇ. ಮೊದಲ ಸಲ ರಕ್ತ ಪಡೆಯುವ ನಾಯಿಗೆ ಗುಂಪು ಬೇರೆಯಾದರೂ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗಲ್ಲ. ಎರಡನೇ ಸಲ ಆಗಬಹುದು. ಅದಕ್ಕೇ ಈಗ ಕೆಂಪಿಯ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ "ಒಮ್ಮೆ ರಕ್ತ ಹಾಕಿದೆ" ಎಂದು ಬರೆದಿದೆ. ಲ್ಯಾಬಿನ ಅಣ್ಣ ಇಬ್ಬರ ರಕ್ತವನ್ನೂ ಕೂಡಿಸಿ, ಗಂಟು ಕಟ್ಟಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸ.

ರಾಜಾನ ಕುತ್ತಿಗೆಯ ಕೂದಲು ಬೋಳಿಸಿ ಅಲ್ಲಿನ ದೊಡ್ಡ ನರದಿಂದ ರಕ್ತ ತೆಗೆದರು. ಹುಡುಗ ಅವನ ತಲೆ ಹಿಡಿದು ಕಿವಿಯಲ್ಲಿ ಏನೋ ಗುಸುಗುಸು ಮಾತಾಡುತ್ತಲೇ ಇದ್ದ. ಅಷ್ಟು ಚುರುಕಿನ ಬೇಟೆ ನಾಯಿ ಅಲ್ಲಾಡಲಿಲ್ಲ. ಅವನ ತೂಕಕ್ಕೆ 450 ಎಂಎಲ್ ತನಕ ತೆಗೆಯಬಹುದಿತ್ತು, 350ಕ್ಕೆ ನಿಲ್ಲಿಸಿದರು. ಆಮೇಲೆ ಕೆಂಪಿಗೆ ಹನಿ ಹನಿಯಾಗಿ ಶುರು. ಮೊದಲ ಅರ್ಧ ಗಂಟೆ ಕಂಪೌಂಡರ್ ಮಾಮಾ ಪಕ್ಕ ಬಿಟ್ಟು ಕದಲಲಿಲ್ಲ. ಜ್ವರ, ಉಸಿರು, ಎದೆ ಬಡಿತ ನೋಡುವುದು, ಬರೆಯುವುದು, ಮತ್ತೆ ನೋಡುವುದು. ಮರುದಿನ ಪಿಸಿವಿ 23. ಕೆಂಪಿ ತಾನಾಗಿ ಎದ್ದು ಹೋಗಿ ನೀರು ಕುಡಿದಳು.

ಡೀಸೆಲ್ ಖರ್ಚಾದರೂ ತಗೊಳ್ಳಿ ಎಂದರೆ ರಾಜಾನ ಯಜಮಾನರಿಗೆ ಸಿಟ್ಟೇ ಬಂತು. "ರಕ್ತಕ್ಕ ರೊಕ್ಕ ತಗೋತಾರೇನ್ರಿ?" ಕೊನೆಗೆ ರಾಜಾನ ಹೆಸರಿನಲ್ಲಿ ಒಂದು ಟ್ರೇ ಮೊಟ್ಟೆ ಒಪ್ಪಿಕೊಂಡರು. ಅಷ್ಟೇ.

ಮನೆಗೆ ಬಂದ ಮೇಲಿನದು ಡಾಕ್ಸಿಸೈಕ್ಲಿನ್ ಗುಳಿಗೆಯ ಕೋರ್ಸ್, 28 ದಿನ. ಚೇತರಿಸಿದಂತೆ ಕಂಡರೂ ನಡುವೆ ಬಿಡುವಂತಿಲ್ಲ. ಖಾಲಿ ಹೊಟ್ಟೆಗೆ ಬೇಡ, ಹಾಲು ಮೊಸರಿನ ಜೊತೆಗೂ ಬೇಡ ಎಂದಿದ್ದರು. ಸಾರಿನಲ್ಲಿ ಅದ್ದಿದ ರೊಟ್ಟಿಯೂ ಇಲ್ಲ, ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ನಮ್ಮ ಅತ್ತೆ ಬಿಸಿ ಜೋಳದ ರೊಟ್ಟಿಯನ್ನು ಮೊಟ್ಟೆಯ ಜೊತೆ ಕಿವುಚಿ, ಒಳಗೆ ಗುಳಿಗೆ ಅಡಗಿಸಿ ತಿನ್ನಿಸಿದರು. ಕೆಂಪಿಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಮನೆಗೆಲಸದ ಅಕ್ಕ ಮತ್ತು ನನ್ನ ಮೈದುನ ಸೇರಿ ಇಡೀ ಹಿತ್ತಿಲು ಜಾಲಾಡಿದರು. ಹೆಣ್ಣು ಉಣ್ಣೆ ರಕ್ತ ಕುಡಿದು ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗಷ್ಟೇ ಔಷಧಿ ಹಾಕಿ ಗೋಡೆ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಗೋಳು. ಬಿರುಕಿಗೆಲ್ಲ ಸಿಮೆಂಟ್ ಬಿತ್ತು. ಬಾಡಿಗೆ ಮನೆಗೆ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿದ್ದಕ್ಕೆ ಮನೆ ಮಾಲೀಕರು ನಮಗೇ ಥ್ಯಾಂಕ್ಸ್ ಹೇಳಿದರು.

ಒಂದೇ ಬೇಜಾರು. ಕೆಂಪಿ ಇನ್ನೊಂದು ನಾಯಿಗೆ ರಕ್ತ ಕೊಡುವಂತಿಲ್ಲ. ಗುಣವಾದ ಮೇಲೂ ಈ ರೋಗಾಣು ಮೈಯಲ್ಲಿ ಉಳಿದಿರಬಹುದು, ಅಲ್ಲದೆ ಅವಳೇ ರಕ್ತ ಪಡೆದವಳು. ಅವಳ ಬದಲು ಹಿಂದಿನ ಓಣಿಯ ಲ್ಯಾಬ್ರಡಾರ್ ಸೋನು ಹೆಸರು ಬರೆಸಿದ್ದಾನೆ. ಆಸ್ಪತ್ರೆಯಲ್ಲಿ ಈಗ ಅದಕ್ಕೆಂದೇ ಒಂದು ವಹಿ ಇಟ್ಟಿದ್ದಾರೆ. ರಾಜಾ ಮೊದಲನೆಯವನು, ಸೋನು ಎರಡನೆಯವನು. ನಿಮ್ಮ ನಾಯಿ 25 ಕೆಜಿಗಿಂತ ಜಾಸ್ತಿ ಇದ್ದು, ವಯಸ್ಸು ಒಂದರಿಂದ ಎಂಟರೊಳಗಿದ್ದು, ಲಸಿಕೆ ಸರಿಯಾಗಿ ಆಗಿದ್ದರೆ, ನೀವು ತೋರಿಸುವ ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ, ಹೆಸರು, ಫೋನ್ ನಂಬರ್ ಕೊಟ್ಟು ಬನ್ನಿ.