ಹೆಚ್ಚು ಮಾರಿದ್ದೇ ಒಳ್ಳೆಯದಂತೆ!

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರ ಕಾಂಜೂರ್‌ಮಾರ್ಗ್‌ನಲ್ಲಿ ನಡೆದ ನಮ್ಮ ಸಂಘದ ಯುವ ವಿಭಾಗದ ಚರ್ಚಾಸ್ಪರ್ಧೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಸರ್ವರ ಮೆಚ್ಚುಗೆ’ ಎಂದು ಬರೆದಿದ್ದೀರಿ. ಆ ಸರ್ವರಲ್ಲಿ ನಾನು ಸೇರಿಲ್ಲ. ಗೇಮ್ ಕನ್ಸೋಲ್‌ಗಳ (ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳ) ಪೈಪೋಟಿಯಲ್ಲಿ ಮಾರಾಟ ದೊಡ್ಡದೋ ಗುಣಮಟ್ಟ ದೊಡ್ಡದೋ ಎಂಬ ವಿಷಯ ಕೊಟ್ಟು, ಮಕ್ಕಳನ್ನು ಎರಡು ಗಂಟೆ ಕೂಗಾಡಿಸಿ, ‘ಜನ ಕೊಂಡದ್ದೇ ಗುಣಕ್ಕೆ ಪ್ರಮಾಣ’ ಎಂದು ತೀರ್ಪುಗಾರರು ಕೈತೊಳೆದುಕೊಂಡರು. ಗುಣಮಟ್ಟದ ಪರ ಮಾತಾಡಿ ಸೋತವನು ನನ್ನ ಮಗ. ಆ ಹೊಟ್ಟೆಉರಿಗೆ ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ.

ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಲೋಕಲ್ ರೈಲುಗಳ ಓಡಾಟ ಏರುಪೇರು, ಎಂಬುದು ಮುಂಬಯಿಯ ಕೂಸಿಗೂ ಗೊತ್ತು, ನಮ್ಮ ಸಂಘದ ಪದಾಧಿಕಾರಿಗಳಿಗೆ ಮಾತ್ರ ಗೊತ್ತಿಲ್ಲ. ಡೊಂಬಿವಲಿಯಿಂದ ಹೊರಟ ನಮ್ಮ ಗಾಡಿ ಕಾಂಜೂರ್‌ನಲ್ಲಿ ನಿಲ್ಲಲಿಲ್ಲ. ವಿಕ್ರೋಲಿಯಲ್ಲಿ ಇಳಿದು ಹಿಂದಕ್ಕೆ ರಿಕ್ಷಾ ಹಿಡಿದದ್ದಾಯಿತು. ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂವರೆಗೆ ಶುರು. ಇದ್ದ ನಾಲ್ಕು ಫ್ಯಾನಿನಲ್ಲಿ ತಿರುಗುತ್ತಿದ್ದದ್ದು ಒಂದು, ಅದೂ ವೇದಿಕೆಯ ಮೇಲಿನದು. ಮಗನ ಸರದಿ ಬಂದಾಗಲೇ ಮೈಕ್ ಕೈಕೊಟ್ಟಿತು. ಎದುರು ಪಕ್ಷದವನಿಗೆ ಅದೇ ಮೈಕ್ ಕೋಗಿಲೆಯಂತೆ ಹಾಡಿತು.

ಹೆಚ್ಚು ಬಿಕರಿಯಾಗುವುದೇ ಒಳ್ಳೆಯದಾದರೆ, ಸ್ಟೇಷನ್ ಹೊರಗಿನ ವಡಾಪಾವ್ ಎದುರು ನಮ್ಮತ್ತೆಯ ಪತ್ರೊಡೆ ಸೋತೇಬಿಟ್ಟಿತು ಬಿಡಿ. ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಮಿಕ್ಕಿ ಮಾರಾಟವಾಯಿತು, ಒಪ್ಪಿದೆ. ಅದು ಕೆಟ್ಟದ್ದೆಂದು ನಾನೂ ಹೇಳುವುದಿಲ್ಲ. ಆದರೆ 2000ದಲ್ಲಿ ಅದು ಬಂದಾಗ ಡಿವಿಡಿ ಸಿನಿಮಾವನ್ನೂ ಓಡಿಸುತ್ತಿತ್ತು, ಹಳೆಯ ಪ್ಲೇಸ್ಟೇಷನ್‌ನ ಆಟಗಳನ್ನೂ ಆಡಿಸುತ್ತಿತ್ತು. ಜನ ಕೊಂಡದ್ದರಲ್ಲಿ ಅದರ ಪಾಲೂ ಇಲ್ಲವೇ? ಎಕ್ಸ್‌ಬಾಕ್ಸ್ 360 ಕೆಂಪು ದೀಪ ಹತ್ತಿಸಿಕೊಂಡು ಸಾಲುಸಾಲಾಗಿ ಕೆಟ್ಟು, 2007ರಲ್ಲಿ ಕಂಪನಿಯೇ ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ರಿಪೇರಿಗೆಂದೇ ತೆಗೆದಿಡಬೇಕಾಯಿತು. ಅದೂ ಎಂಟು ಕೋಟಿ ದಾಟಿ ಮಾರಾಟವಾಗಿದೆ. ಇನ್ನು ಮಾರಿಯೋ ಕಾರ್ಟ್ 8 ಎಂಬ ಆಟ: 2014ರಲ್ಲಿ ವೀ ಯೂ ಎಂಬ ಕನ್ಸೋಲ್ ಮೇಲೆ ಬಂದಾಗ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಅದಕ್ಕೇ ಅಷ್ಟಿಷ್ಟು ಸೇರಿಸಿ 2017ರಲ್ಲಿ ಅದೇ ಕಂಪನಿಯ ಹೊಸ ಕನ್ಸೋಲ್ ಸ್ವಿಚ್‌ಗೆ ತಂದರು, ಆರು ಕೋಟಿ ದಾಟಿತು. ಮೂರು ವರ್ಷದಲ್ಲಿ ಆಟದ ಗುಣ ಆರು ಪಟ್ಟು ಏರಿತೋ? ಮಗ ಇದನ್ನೇ ಕೇಳಿದ. ತೀರ್ಪುಗಾರರೊಬ್ಬರು ಆಗ ಮೊಬೈಲ್ ನೋಡುತ್ತಿದ್ದರು.

ನಮ್ಮ ಮನೆಯಲ್ಲಿ ಇಂದಿಗೂ ಸೆಗಾ ಡ್ರೀಮ್‌ಕಾಸ್ಟ್ ಎಂಬ ಒಂದು ಹಳೆಯ ಕನ್ಸೋಲ್ ಇದೆ. 2002ರಲ್ಲಿ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು, ಅಷ್ಟರಲ್ಲಿ ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿಯಾಗಿತ್ತು. 1998ರಲ್ಲೇ ಒಳಗೆ ಇಂಟರ್ನೆಟ್‌ಗೆ ಜೋಡಿಸುವ ಮೋಡೆಮ್ ಇಟ್ಟ ಯಂತ್ರ, ಮಾರಾಟ ಕೋಟಿ ಮುಟ್ಟಲಿಲ್ಲ. ಮುಚ್ಚಳಕ್ಕೆ ರಬ್ಬರ್‌ಬ್ಯಾಂಡ್ ಹಾಕಿದ್ದೇನೆ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ಸಿಕ್ಕಿಸುವ ಮೆಮೊರಿ ಕಾರ್ಡಿಗೇ ಪುಟ್ಟ ಪರದೆ ಉಂಟು. ಅದರ ಗುಂಡು ಸೆಲ್ ಮುಗಿದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಕೀ... ಎಂದು ಕಿರುಚುತ್ತದೆ. ‘ಮತ್ತೆ ನಿಮ್ಮ ಪಿಶಾಚಿ ಎದ್ದಿತಾ’ ಎಂದು ಅಡುಗೆಮನೆಯಿಂದ ಹೆಂಡತಿ ಕೇಳುತ್ತಾಳೆ. ಆಡಿದವನಿಗೇ ಅದರ ಬೆಲೆ ಗೊತ್ತು, ಹಾರ ಹಾಕಿಸಿಕೊಂಡು ಕುಳಿತವರಿಗೆ ಎಲ್ಲಿಂದ ಗೊತ್ತಾಗಬೇಕು?

ಇವರ ಲೆಕ್ಕವೇ ಇಷ್ಟು. ಸಂಘದ ಚುನಾವಣೆಯಲ್ಲೂ ಹೆಚ್ಚು ಊಟದ ಟೋಕನ್ ಹಂಚಿದವರೇ ಯೋಗ್ಯರು! ಕಳೆದ ವರ್ಷದ ವಿದ್ಯಾರ್ಥಿವೇತನದ ಚೆಕ್ಕು ಮಗಳಿಗೆ ಇನ್ನೂ ಬಂದಿಲ್ಲ, ಕೇಳಿದರೆ ಕಾರ್ಯದರ್ಶಿಗಳು ಊರಿಗೆ ಹೋಗಿದ್ದಾರೆ. ವಾರ್ಡ್ ಆಫೀಸಿನವರಾದರೂ ಇವರಿಗಿಂತ ವಾಸಿಯೇ ಎಂದರೆ ಅದೂ ಇಲ್ಲ. ಸಭಾಗೃಹದ ಎದುರು ಅಗೆದ ಹೊಂಡವನ್ನು ಕಳೆದ ಮಳೆಗಾಲದಿಂದ ಮುಚ್ಚಿಲ್ಲ, ಅಂದು ನನ್ನ ಒಂದು ಚಪ್ಪಲಿ ಅದರಲ್ಲೇ ಉಳಿಯಿತು.

ಆದ್ದರಿಂದ ಸಂಬಂಧಪಟ್ಟವರು ತೀರ್ಪನ್ನು ಮರುಪರಿಶೀಲಿಸಬೇಕು, ಇಲ್ಲವಾದರೆ ಆ ಫ್ಯಾನುಗಳನ್ನಾದರೂ ರಿಪೇರಿ ಮಾಡಿಸಬೇಕು. ಚೆಕ್ಕನ್ನೂ ಕಳಿಸಬೇಕು. ಇವರನ್ನು ಹೇಳುವವರು ಕೇಳುವವರು ಯಾರೂ ಇಲ್ಲವೇ?

— ನೊಂದ ಪಾಲಕ, ಡೊಂಬಿವಲಿ ಪೂರ್ವ