ಚರೆ ಗುಂಡಿಗೆ ಕಣ್ಣು ಯಾವುದು, ಕಾಲು ಯಾವುದು ಗೊತ್ತಾಗಲ್ಲ

ಸಂಪಾದಕರಿಗೆ ನಮಸ್ಕಾರ.

ಗಲಾಟೆ ಹತೋಟಿಗೆ ಪೊಲೀಸರು ಬಳಸುವ ಗುಂಡುಗಳ ಸುದ್ದಿ ಬಂದಾಗಲೆಲ್ಲ ಪೇಪರ್‌ಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ‘ಪ್ರಾಣಾಪಾಯವಿಲ್ಲದ ಪೆಲೆಟ್’. ನಿಮ್ಮ ಪೇಪರ್‌ನಲ್ಲೂ ಓದಿದ್ದೇನೆ. ಓದಿದ ಕೂಡಲೇ ನನಗೆ ನಮ್ಮ ಮನೆಯ ಕೋವಿ ನೆನಪಾಗುತ್ತದೆ.

ನಮ್ಮದು ಮಲೆನಾಡು. ಅಜ್ಜನ ಕಾಲದ ಒಂಟಿ ನಳಿಗೆ ಕೋವಿ, ತೋಟದ ಮಂಗ ಓಡಿಸಲಿಕ್ಕೆ ಅಂತ ಲೈಸೆನ್ಸ್ ಮಾಡಿಸಿದ್ದು. (ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಕೂತು ವಾಪಸ್ ಬರುತ್ತದೆ, ಆ ಕಥೆ ಬೇರೆ.) ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಬೇಲಿ ಗೂಟಕ್ಕೆ ಒಂದು ಅಡಿಕೆ ಹಾಳೆ ಕಟ್ಟಿ, ಐದಾರು ಹೆಜ್ಜೆ ದೂರದಿಂದ ಚರೆ ತೋಟಾ (ಸೀಸದ ಸಣ್ಣ ಕಾಳುಗಳನ್ನು ತುಂಬಿದ ಕಾಡತೂಸು) ಹೊಡೆದು ತೋರಿಸಿದರು. ಹಾಳೆಯ ನಡುವೆ ಅಂಗೈ ಅಗಲದ ತೂತು, ಅಂಚೆಲ್ಲ ನಾರು ನಾರು. ಇನ್ನೊಂದು ಹಾಳೆ ಕಟ್ಟಿ ನಲವತ್ತು ಹೆಜ್ಜೆ ಹಿಂದೆ ಹೋಗಿ ಹೊಡೆದರು. ಈ ಸಲ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಸಿವೆ ಗಾತ್ರದ ತೂತು, ಪಕ್ಕದ ಬಾಳೆ ಎಲೆಯಲ್ಲೂ ನಾಲ್ಕೈದು. “ಹತ್ರ ಇದ್ರೆ ಸಾಯ್ತಾನೆ, ದೂರ ಇದ್ರೆ ಯಾರಿಗೆ ಬೀಳುತ್ತೆ ಅಂತ ಹೊಡೆದವನಿಗೇ ಗೊತ್ತಿರಲ್ಲ” ಅಂದರು. ನಾನು ಕೋವಿ ಮುಟ್ಟದಿರಲಿ ಅಂತ ಹೆದರಿಸಿದ್ದು ಅಷ್ಟೆ, ಆದರೆ ಪೆಲೆಟ್ ಗನ್ನಿನ ಬಗ್ಗೆ ಇದಕ್ಕಿಂತ ಸರಿಯಾದ ವಿವರಣೆ ನಾನು ಇವತ್ತಿನವರೆಗೂ ಓದಿಲ್ಲ.

2010ರಲ್ಲಿ ಕಾಶ್ಮೀರಕ್ಕೆ ಬಂದ ಪೆಲೆಟ್ ಗನ್ ಇದೇ ಜಾತಿಯದು. 12 ಬೋರ್ ಪಂಪ್ ಆಕ್ಷನ್ ಕೋವಿ (ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು), ಒಳಗೆ ಸೀಸದ ಚರೆ. ಹಕ್ಕಿ ಹೊಡೆಯಲು ಹುಟ್ಟಿದ ಸಾಮಾನು. 2016ರ ಜುಲೈ 8ರಂದು ಉಗ್ರ ಸಂಘಟನೆ ಹಿಜ್ಬುಲ್‌ನ ಕಮಾಂಡರ್ ಬುರ್ಹಾನ್ ವಾನಿ ಭದ್ರತಾ ಪಡೆಯ ಗುಂಡಿಗೆ ಸತ್ತ ಮೇಲೆ ಅಲ್ಲಿ ಗಲಾಟೆ ಎದ್ದಿತಲ್ಲ, ಆಗ 32 ದಿನಗಳಲ್ಲಿ ಸುಮಾರು 13 ಲಕ್ಷ ಚರೆ ಹಾರಿಸಿದ್ದೇವೆ ಅಂತ ಕೇಂದ್ರದ ಮೀಸಲು ಪೊಲೀಸ್ ಪಡೆ ಸಿಆರ್‌ಪಿಎಫ್ ಹೈಕೋರ್ಟಿಗೆ ಹೇಳಿತು. ತೋಟಾ ಒಂದರಲ್ಲಿ 450 ಚರೆ. ಅಂದರೆ ಟ್ರಿಗರ್ ಎಳೆದದ್ದು ಮೂರು ಸಾವಿರ ಸಲದ ಆಸುಪಾಸು. ಒಂದೊಂದು ಸಲವೂ 450 ಕಡೆ ಗುರಿ! ಸೊಂಟದ ಕೆಳಗೆ ಹೊಡೆಯಿರಿ ಅಂತ ನಿಯಮವೇನೋ ಇತ್ತು. ಓಡುವವರು, ಬಗ್ಗುವವರು ಇರುವಾಗ ಅದನ್ನು ಪಾಲಿಸುವುದು ಕಷ್ಟ ಅಂತ ಅವರೇ ಕೋರ್ಟಿನಲ್ಲಿ ಒಪ್ಪಿಕೊಂಡರು. ಸಿಪಾಯಿಯನ್ನು ಬೈದು ಏನು ಪ್ರಯೋಜನ ಹೇಳಿ, ತೋಟಾದ ಒಳಗೇ ಗುರಿ ಎಂಬುದು ಇಲ್ಲ.

ಪೆಲೆಟ್ ಬೇಡ ಅಂದರೆ ರೈಫಲ್ ಎತ್ತಬೇಕಾಗುತ್ತದೆ, ಆಗ ಇನ್ನೂ ಜಾಸ್ತಿ ಜನ ಸಾಯುತ್ತಾರೆ ಅಂತಲೂ ಸಿಆರ್‌ಪಿಎಫ್‌ನವರು ಹೇಳಿದರು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮಲ್ಲೇ ನೋಡಿ, ಲಾಠಿ, ಅಶ್ರುವಾಯು ಸಾಲದಾದರೆ ಗೋಲಿಬಾರ್. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ನಡುವೆ ಏನಾದರೂ ಒಂದು ಬೇಕು, ನಿಜ. ಆ ‘ಏನಾದರೂ’ ಹೇಗಿರಬೇಕು ಅನ್ನುವುದೇ ಪ್ರಶ್ನೆ.

ಬ್ರಿಟಿಷರು ಉತ್ತರ ಐರ್ಲೆಂಡಿನಲ್ಲಿ 1970ರಲ್ಲಿ ರಬ್ಬರ್ ಗುಂಡು ತಂದರು. ನೆಲಕ್ಕೆ ಹೊಡೆದು ಪುಟಿಸಬೇಕಿತ್ತು. ಪುಟಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ಪ್ಲಾಸ್ಟಿಕ್ ಬಂತು. ಎರಡರಿಂದ ಒಟ್ಟು 17 ಮಂದಿ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. 2005ರಲ್ಲಿ ಬಂದ ಹೊಸ ಗುಂಡಿನ ಮೂತಿಯೊಳಗೆ ಟೊಳ್ಳು ಬಿಟ್ಟರು, ಗಟ್ಟಿ ಮೂಳೆಗೆ ಬಡಿದರೆ ಮೂತಿ ಕುಗ್ಗಿ ಪೆಟ್ಟು ಹಂಚಿಹೋಗಲಿ ಅಂತ. ಒಂದು ಸಲಕ್ಕೆ ಒಂದೇ ಗುಂಡು, ಗುರಿ ಬೆಲ್ಟಿನ ಬಕಲ್ ಹತ್ತಿರ. ಇದು ಕೂಡ ಹೂವಲ್ಲ. 98 ಗ್ರಾಂ ತೂಕ, ಸೆಕೆಂಡಿಗೆ 72 ಮೀಟರ್ ವೇಗ. ಲೆಕ್ಕ ಹಾಕಿದೆ: ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿಗೆ ಇರುವ ಶಕ್ತಿಯ ಎರಡು ಪಟ್ಟು. ಹೆಲ್ಮೆಟ್ಟು ಪ್ಯಾಡು ಇಲ್ಲದೆ ನಿಂತು ನೋಡಿ.

ಇಲ್ಲಿ ಒಂದು ತಲೆನೋವು ಯಾವ ವಿನ್ಯಾಸಕ್ಕೂ ತಪ್ಪಿದ್ದಲ್ಲ. 40 ಮೀಟರ್ ಆಚೆ ಇರುವವನನ್ನು ತಡೆಯುವಷ್ಟು ವೇಗ ಕೊಟ್ಟರೆ, 5 ಮೀಟರಿನಲ್ಲಿ ಸಿಕ್ಕವನ ಗತಿ ಮುಗಿಯಿತು. ಹತ್ತಿರದವನಿಗೆ ಹದವಾಗಿ ಮಾಡಿದರೆ ದೂರಕ್ಕೆ ಮುಟ್ಟಲ್ಲ.

ಹೆಸರು ನೋಡಿ ಮೋಸ ಹೋಗುವುದಂತೂ ಇನ್ನೊಂದು. ಚಿಲಿಯಲ್ಲಿ 2019ರ ಪ್ರತಿಭಟನೆಗಳಲ್ಲಿ ಪೊಲೀಸರು ಹೊಡೆದ ಗುಂಡಿನಿಂದ ನೂರಾರು ಮಂದಿಯ ಕಣ್ಣಿಗೆ ಏಟು ಬಿದ್ದಾಗ ವಿಶ್ವವಿದ್ಯಾಲಯದವರು ಆ ‘ರಬ್ಬರ್’ ಚರೆಯನ್ನು ಪರೀಕ್ಷೆ ಮಾಡಿದರು. ರಬ್ಬರ್ ಇದ್ದದ್ದು ಬರೀ 20 ಪರ್ಸೆಂಟ್. ಮಿಕ್ಕಿದ್ದು ಸಿಲಿಕಾ, ಬೇರಿಯಂ ಸಲ್ಫೇಟ್, ಸೀಸ. ಬೋಸ್ಟನ್ನಿನಲ್ಲಿ 2004ರಲ್ಲಿ ಬೇಸ್‌ಬಾಲ್ ಗೆಲುವಿನ ಸಂಭ್ರಮದ ಗುಂಪಿಗೆ ಪೊಲೀಸರು ಹೊಡೆದ, ಒಳಗೆ ಮೆಣಸಿನ ಖಾರ ತುಂಬಿದ ಗುಂಡು ಒಬ್ಬ ವಿದ್ಯಾರ್ಥಿನಿಯ ಕಣ್ಣಿಗೆ ಬಿದ್ದು ಜೀವ ಹೋಯಿತು. 2017ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವೈದ್ಯರ ವರದಿ ಇಂಥ ಗುಂಡುಗಳಿಂದ ಗಾಯಗೊಂಡ 1,984 ಮಂದಿಯ ಲೆಕ್ಕ ತೆಗೆದಿತ್ತು. ಸತ್ತವರು 53, ಜೀವನಪೂರ್ತಿ ಊನವಾದವರು 300.

ನಮ್ಮವರು ಸುಮ್ನೆ ಕೂತಿಲ್ಲ ಅನ್ನೋಣ. 2016ರಲ್ಲಿ ಮೆಣಸಿನ ಖಾರದಂಥ ರಾಸಾಯನಿಕದಿಂದ ಕಣ್ಣು ಉರಿಸುವ ಪಾವಾ ಶೆಲ್ ಬಂತು, ಅಷ್ಟಾಗಿ ಕೆಲಸ ಮಾಡಲಿಲ್ಲ. 2017ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ಲಾಸ್ಟಿಕ್ ಗುಂಡು, 21,000 ಕಾಶ್ಮೀರಕ್ಕೆ ಹೋದವು. ಅದನ್ನು ಎಕೆ ರೈಫಲ್ಲಿಗೇ ಹಾಕಬಹುದು, ಮ್ಯಾಗಜೀನ್ ಬದಲಿಸಿದರೆ ಸಾಕು ಅಂತ ಹೊಗಳಿದರು. ನನಗೆ ಭಯ ಆದದ್ದೇ ಅಲ್ಲಿ. ಕಲ್ಲು ಬೀಳುತ್ತಿರುವಾಗ ಕೈ ತಪ್ಪು ಮ್ಯಾಗಜೀನಿಗೆ ಹೋದರೆ? ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2011ರಲ್ಲಿ ಆದದ್ದು ಹೀಗೇ. ಬೀನ್‌ಬ್ಯಾಗ್ (ಚರೆ ತುಂಬಿದ ಬಟ್ಟೆಯ ಪುಟ್ಟ ಚೀಲ) ಹೊಡೆಯುವ ಕೋವಿಗೆ ಪೊಲೀಸ್ ಒಬ್ಬ ನಿಜವಾದ ತೋಟಾ ತುಂಬಿ ಹೊಡೆದುಬಿಟ್ಟ. ಇಂಥ ಕೋವಿ ಬೇರೆಯೇ ಇರಬೇಕು, ಬಣ್ಣವೂ ಬೇರೆ ಇರಬೇಕು, ನಿಜವಾದ ತೋಟಾ ಅದರೊಳಗೆ ಹೋಗಲೇಬಾರದು.

ಕೊಳ್ಳುವ ಸರ್ಕಾರಗಳು ಟೆಂಡರಿಗೆ ಮೊದಲು ನಾಲ್ಕು ಸಂಗತಿ ಜನರಿಗೆ ತಿಳಿಸಲಿ: ಗುಂಡಿನ ತೂಕ, ವೇಗ, ಯಾವ ದೂರಕ್ಕಿಂತ ಹತ್ತಿರ ಹೊಡೆಯಬಾರದು, ಒಂದು ತೋಟಾದಲ್ಲಿ ಎಷ್ಟು ಗುಂಡು. ಕೊನೆಯದಕ್ಕೆ ಉತ್ತರ ಒಂದಕ್ಕಿಂತ ಜಾಸ್ತಿ ಇದ್ದರೆ ಆ ಫೈಲು ಅಲ್ಲೇ ಮುಚ್ಚಲಿ. ಒಂದೇ ಸಲಕ್ಕೆ ಹಲವು ಗುಂಡು ಹಾರಿಸಬಾರದು ಅಂತ ವಿಶ್ವಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ.

ನಿಮ್ಮ ಹತ್ತಿರ ಒಂದೇ ಕೋರಿಕೆ. ‘ಪ್ರಾಣಾಪಾಯವಿಲ್ಲದ’ ಅಂತ ಇನ್ನು ಮುಂದೆ ಬರೆಯಬೇಡಿ. ಚರೆ ಗುಂಡನ್ನು ಚರೆ ಗುಂಡು ಅಂತಲೇ ಬರೆಯಿರಿ, ನಮ್ಮ ಕಡೆಯ ಓದುಗರಿಗೆ ತಕ್ಷಣ ಅರ್ಥವಾಗುತ್ತದೆ.

– ತೀರ್ಥಹಳ್ಳಿ ಕಡೆಯ ಒಬ್ಬ ಓದುಗ